ಗೇಟಿನ ರಿಮೋಟ್, ಬೈಕಿನ ಬ್ಯಾಟರಿ ಮತ್ತು ಒಂದು ರೋಧಕ

ಹತ್ತನೇ ತರಗತಿಯ ‘ವಿದ್ಯುಚ್ಛಕ್ತಿ’ ಅಧ್ಯಾಯವನ್ನು ಅಭ್ಯಾಸ ಬೋಧನೆಗೆ ಆರಿಸಿಕೊಂಡ ಪ್ರಶಿಕ್ಷಣಾರ್ಥಿಗಳೆಲ್ಲರೂ ಒಂದು ವಿಷಯ ಗಮನಿಸಿರುತ್ತಾರೆ. ಸರಣಿ ಜೋಡಣೆಯ ಲೆಕ್ಕಗಳನ್ನು ಮಕ್ಕಳು ಚೆನ್ನಾಗಿಯೇ ಬಿಡಿಸುತ್ತಾರೆ. ಎರಡು ರೋಧಕಗಳನ್ನು ಕೂಡಿಸುತ್ತಾರೆ, ವಿಭವಾಂತರವನ್ನು ಒಟ್ಟು ರೋಧದಿಂದ ಭಾಗಿಸುತ್ತಾರೆ, ಉತ್ತರದ ಕೆಳಗೆ ಎರಡು ಗೆರೆ ಎಳೆಯುತ್ತಾರೆ. ಅದೇ ಮಕ್ಕಳನ್ನು ‘ರೋಧಕ ಏನು ಮಾಡುತ್ತದೆ?’ ಎಂದು ಬಾಯಿಮಾತಿನಲ್ಲಿ ಕೇಳಿದರೆ ಹೆಚ್ಚಿನವರ ಉತ್ತರ ‘ವೋಲ್ಟೇಜ್ ಕಡಿಮೆ ಮಾಡುತ್ತದೆ ಮಿಸ್’ ಎಂದೇ. ಎಷ್ಟು ಕಡಿಮೆ ಮಾಡುತ್ತದೆ ಎಂದರೆ, ರೋಧಕದ ಮೇಲೆ ಬರೆದಿರುವಷ್ಟು. ರೋಧಕವೆಂದರೆ ನಿಗದಿತ ಮೊತ್ತವನ್ನು ಮುರಿದುಕೊಳ್ಳುವ ಸುಂಕದ ಕಟ್ಟೆ ಎಂಬ ಚಿತ್ರ ಅವರ ಮನಸ್ಸಿನಲ್ಲಿದೆ. ಲೆಕ್ಕದಲ್ಲಿ ನೂರಕ್ಕೆ ನೂರು ತೆಗೆದುಕೊಂಡರೂ ಈ ಚಿತ್ರ ಅಳಿಯುವುದಿಲ್ಲ.

ಅದನ್ನು ಅಳಿಸಲು ಸಿಕ್ಕ ಒಂದು ಒಳ್ಳೆಯ ಸಂದರ್ಭವನ್ನು ಇಲ್ಲಿ ವಿವರಿಸುತ್ತಿದ್ದೇನೆ. ಅದು ಪಠ್ಯಪುಸ್ತಕದಿಂದ ಬಂದದ್ದಲ್ಲ, ದೇವನಹಳ್ಳಿ ಸುತ್ತಮುತ್ತಲ ಬದುಕಿನಿಂದ ಬಂದದ್ದು.

2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಭಾಗದಲ್ಲಿ ಲೇಔಟುಗಳು, ತೋಟದ ಮನೆಗಳು, ವಿಲ್ಲಾಗಳು ಎಷ್ಟು ಎದ್ದಿವೆಯೆಂದು ಎಲ್ಲರಿಗೂ ಗೊತ್ತು. ಅವುಗಳಲ್ಲಿ ಬಹಳಷ್ಟಕ್ಕೆ ಮೋಟಾರಿನಿಂದ ಪಕ್ಕಕ್ಕೆ ಸರಿಯುವ ಗೇಟುಗಳಿವೆ. ಹೊಸಕೋಟೆ, ನೆಲಮಂಗಲದ ಕಡೆ ಗೋಡೌನುಗಳಿಗೆ ಮೋಟಾರ್ ಶಟರುಗಳಿವೆ. ಅಮೆರಿಕದಲ್ಲಿ ಇಂಥದ್ದನ್ನು ಗ್ಯಾರೇಜ್ ಡೋರ್ ರಿಮೋಟ್ ಎನ್ನುತ್ತಾರೆ. ನಮ್ಮಲ್ಲಿ ಗ್ಯಾರೇಜ್ ಎಂದರೆ ಮೆಕ್ಯಾನಿಕ್ ಅಂಗಡಿ, ಆದ್ದರಿಂದ ಮಕ್ಕಳ ಮಾತಿನಲ್ಲಿ ಅದು ಬರೀ ಗೇಟ್ ರಿಮೋಟ್. ಈ ಮನೆಗಳನ್ನು ನೋಡಿಕೊಳ್ಳುವವರು, ತೋಟದ ಕೆಲಸದವರು, ಡ್ರೈವರುಗಳು ನಮ್ಮ ಮಕ್ಕಳ ಅಪ್ಪ, ಚಿಕ್ಕಪ್ಪ, ಮಾವಂದಿರು. ಕಾರಿನಲ್ಲಿ ಬರುವ ಮಾಲೀಕರಿಗೆ ರಿಮೋಟ್ ಒತ್ತುವುದು ಸುಲಭ. ಬೈಕಿನಲ್ಲಿ ಬರುವವರು ಮಳೆಯಲ್ಲಿ ನಿಲ್ಲಿಸಿ, ರೇನ್‌ಕೋಟಿನೊಳಗೆ ಕೈ ಹಾಕಿ, ಜೇಬಿನಿಂದ ರಿಮೋಟ್ ತೆಗೆಯಬೇಕು.

ತರಗತಿಯ ಹುಡುಗನೊಬ್ಬನ ಪ್ರಶ್ನೆ ಹುಟ್ಟಿದ್ದು ಅಲ್ಲಿಂದ. “ಮಿಸ್, ಅಪ್ಪನ ಬೈಕ್ ಬ್ಯಾಟರಿ 12 ವೋಲ್ಟು. ರಿಮೋಟ್ ಸೆಲ್ 3 ವೋಲ್ಟು. ಮಧ್ಯ ಒಂದು ರೆಸಿಸ್ಟರ್ ಹಾಕಿ, ಪಾಸ್ ಸ್ವಿಚ್ಚಿಗೆ ಕನೆಕ್ಷನ್ ಕೊಟ್ಟರೆ, ಲೈಟ್ ಮಿಣುಕಿಸಿದ ತಕ್ಷಣ ಗೇಟ್ ತೆಕ್ಕೊಳಲ್ವಾ?” ಬರುವ ಭಾನುವಾರ ಮಾಡಿಯೇ ಬಿಡುವುದೆಂದು ಅವನು ನಿರ್ಧರಿಸಿದ್ದ. ರಿಮೋಟ್ ಅಪ್ಪನದಲ್ಲ, ಮನೆಯ ಮಾಲೀಕರದು. ಸುಟ್ಟರೆ ದಂಡ ಕಟ್ಟಬೇಕಾದವರು ಅಪ್ಪ. ಹಾಗಾಗಿ ‘ಅದೆಲ್ಲ ಸಿಲೆಬಸ್ಸಿನಲ್ಲಿ ಇಲ್ಲ’ ಎಂದು ದಾಟಿಸುವ ಪ್ರಶ್ನೆ ಇದಾಗಿರಲಿಲ್ಲ. ಸಿಲೆಬಸ್ಸಿನಲ್ಲಿ ಇದೆ ಕೂಡ. ಓಮ್‌ನ ನಿಯಮ, ಸರಣಿ ಮತ್ತು ಸಮಾಂತರ ಜೋಡಣೆ, ವಿದ್ಯುತ್ತಿನ ಉಷ್ಣೋತ್ಪಾದನಾ ಪರಿಣಾಮ, ಮುಂದಿನ ಅಧ್ಯಾಯದ ವಿದ್ಯುತ್ಕಾಂತ, ಇಷ್ಟೂ ಈ ಒಂದು ಪ್ರಶ್ನೆಯೊಳಗಿವೆ.

ಬೈಕಿನ 12 ವೋಲ್ಟು 12 ಅಲ್ಲ

ಮೊದಲು ಬೈಕನ್ನು ನೋಡೋಣ. ಬೈಕಿನ ಸೀಸ-ಆಮ್ಲ ಬ್ಯಾಟರಿಯೊಳಗೆ ಆರು ಕೋಶಗಳು ಸರಣಿಯಲ್ಲಿವೆ. ಪೂರ್ತಿ ಚಾರ್ಜ್ ಆದ ಒಂದೊಂದು ಕೋಶ ಸುಮಾರು 2.1 ವೋಲ್ಟ್ ಕೊಡುತ್ತದೆ. ಹೀಗಾಗಿ ಇಂಜಿನ್ ನಿಂತಿರುವಾಗ ಮಲ್ಟಿಮೀಟರ್ ಹಿಡಿದರೆ 12.6ರ ಆಸುಪಾಸು ಕಾಣುತ್ತದೆ. ಇಂಜಿನ್ ಚಾಲೂ ಮಾಡಿ ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ ಅದು 14ರ ಹತ್ತಿರ ಹೋಗುತ್ತದೆ. ಬ್ಯಾಟರಿಯೊಳಕ್ಕೆ ಪ್ರವಾಹ ಹರಿಯಬೇಕಾದರೆ ಹೊರಗಿನ ವಿಭವ ಬ್ಯಾಟರಿಯದಕ್ಕಿಂತ ಹೆಚ್ಚಿರಲೇಬೇಕಲ್ಲ. ಇದನ್ನು ಶಾಲೆಯ ಆವರಣದಲ್ಲಿ ಶಿಕ್ಷಕರ ಬೈಕಿನ ಮೇಲೆಯೇ ತೋರಿಸಬಹುದು. ಅಳೆಯುವುದಷ್ಟೇ, ಏನನ್ನೂ ಜೋಡಿಸಬೇಕಿಲ್ಲ. ‘12 ವೋಲ್ಟ್ ಬ್ಯಾಟರಿ’ ಎಂದು ಬರೆದ ಮೇಲೂ ಮೀಟರ್ 14 ತೋರಿಸುವುದನ್ನು ನೋಡಿದ ಮಕ್ಕಳು ಆಮೇಲೆ ಪ್ರತಿ ಲೆಕ್ಕದಲ್ಲೂ ‘ಇಂಜಿನ್ ಆನ್ ಇದೆಯಾ ಆಫಾ?’ ಎಂದು ಕೇಳತೊಡಗುತ್ತಾರೆ. ಆ ಅಭ್ಯಾಸ ಒಳ್ಳೆಯದೇ.

ಪಾಸ್ ಸ್ವಿಚ್ ಎಂದರೆ ಎಡಗೈ ಹಿಡಿಯ ಬಳಿ ಇರುವ, ಎದುರಿನ ವಾಹನಕ್ಕೆ ಹೈ ಬೀಮ್ ಮಿಣುಕಿಸುವ ಗುಂಡಿ. 2017ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟು ಇಂಜಿನ್ ಜೊತೆಗೇ ಉರಿಯುವ ನಿಯಮ ಬಂದಿದೆ. ಆರಿಸುವ ಸ್ವಿಚ್ಚೇ ಇಲ್ಲ. ಆದರೆ ಹೈ ಬೀಮಿಗೆ ಪ್ರತ್ಯೇಕ ತಂತಿ ಇದ್ದೇ ಇದೆ. ಗುಂಡಿ ಒತ್ತಿದಾಗ ಆ ತಂತಿಗೆ ವಿಭವ ಬರುತ್ತದೆ, ಬಿಟ್ಟಾಗ ಹೋಗುತ್ತದೆ. ಹುಡುಗನ ಯೋಚನೆಯ ಈ ಅರ್ಧ ಭಾಗ ನಿಜಕ್ಕೂ ಜಾಣತನದ್ದು. ಹ್ಯಾಂಡಲಿನಿಂದ ಕೈ ತೆಗೆಯದೆ ಒತ್ತಬಹುದಾದ ಗುಂಡಿಯನ್ನು ಅವನು ಹುಡುಕಿಕೊಂಡಿದ್ದಾನೆ. ಒಂದು ಎಚ್ಚರಿಕೆ: ಹಳೆಯ ಎಷ್ಟೋ ಬೈಕುಗಳಲ್ಲಿ ಹೆಡ್‌ಲೈಟು ಬ್ಯಾಟರಿಯಿಂದ ಉರಿಯುವುದಿಲ್ಲ, ಇಂಜಿನ್ನಿನ ಸುರುಳಿಯಿಂದ ನೇರವಾಗಿ ಬರುವ ಪರ್ಯಾಯ ಪ್ರವಾಹದಿಂದ ಉರಿಯುತ್ತದೆ. ಆಕ್ಸಿಲರೇಟರ್ ತಿರುವಿದಾಗ ಬೆಳಕು ಏರಿ, ಬಿಟ್ಟಾಗ ಇಳಿಯುವ ಬೈಕು ಆ ಜಾತಿಯದು. ಅಂಥದ್ದರಲ್ಲಿ ಮುಂದೆ ಹೇಳುವ ಯಾವುದನ್ನೂ ಹೆಡ್‌ಲೈಟಿನ ತಂತಿಯಿಂದ ಮಾಡಲಾಗದು.

ರೋಧಕ ಯಾಕೆ ಸಾಲದು

ಇಂಥ ರಿಮೋಟು ಗುಂಡಿ ಒತ್ತಿದಾಗ ಸುಮಾರು 10 ಮಿಲಿಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳೋಣ. ಹುಡುಗನ ಲೆಕ್ಕ ಹೀಗೆ: ಬೈಕಿನ 14 ವೋಲ್ಟಿನಿಂದ 3 ಕಳೆದರೆ 11 ವೋಲ್ಟ್ ಇಳಿಯಬೇಕು. 11ನ್ನು 0.01ರಿಂದ ಭಾಗಿಸಿದರೆ 1100 ಓಮ್. ಲೆಕ್ಕ ಸರಿ. ತಪ್ಪಿರುವುದು ಆ 0.01 ಯಾವಾಗಲೂ 0.01 ಆಗಿಯೇ ಇರುತ್ತದೆ ಎಂಬ ನಂಬಿಕೆಯಲ್ಲಿ.

ತರಗತಿಯಲ್ಲಿ ಇದನ್ನು ಬೈಕೂ ರಿಮೋಟೂ ಇಲ್ಲದೆ ಮಾಡಿದೆವು. 12 ವೋಲ್ಟಿನ ಒಂದು ಅಡಾಪ್ಟರ್ ಬೈಕಿನ ಬದಲಿಗೆ. 1 ಕಿಲೋಓಮ್ ರೋಧಕ ಹುಡುಗನ ರೆಸಿಸ್ಟರ್. ಅದಕ್ಕೆ ಸರಣಿಯಲ್ಲಿ 330 ಓಮ್‌ನ ಇನ್ನೊಂದು ರೋಧಕ, ಇದು ‘ಗುಂಡಿ ಒತ್ತಿರುವ ರಿಮೋಟ್’. ಮಕ್ಕಳು ಮೊದಲು ಲೆಕ್ಕ ಮಾಡಿದರು: ಒಟ್ಟು 1330 ಓಮ್, ಪ್ರವಾಹ ಸುಮಾರು 9 ಮಿಲಿಆಂಪಿಯರ್, ರಿಮೋಟಿನ ತುದಿಗಳ ನಡುವೆ 2.98 ವೋಲ್ಟ್. ಮೀಟರ್ ಹೆಚ್ಚುಕಡಿಮೆ ಅಷ್ಟೇ ತೋರಿಸಿತು. ಎಲ್ಲರಿಗೂ ಖುಷಿ. ಹುಡುಗನಿಗೆ ಗೆದ್ದ ಖುಷಿ.

ಆಮೇಲೆ 330 ಓಮ್ ತೆಗೆದು ಅದರ ಜಾಗದಲ್ಲಿ 1 ಮೆಗಾಓಮ್ ಇಟ್ಟೆ. ‘ಇದು ಗುಂಡಿ ಒತ್ತದೆ ಸುಮ್ಮನೆ ಕೂತಿರುವ ರಿಮೋಟ್. ಅದರೊಳಗಿನ ಚಿಪ್ ಈಗ ಮಲಗಿದೆ. ಹತ್ತು ಹನ್ನೆರಡು ಮೈಕ್ರೋಆಂಪಿಯರ್ ಕೂಡ ಎಳೆಯುತ್ತಿಲ್ಲ. ಈಗ ಅದರ ಮೇಲೆ ಎಷ್ಟು ವೋಲ್ಟ್ ಇರುತ್ತದೆ? ಮೀಟರ್ ಹಚ್ಚುವ ಮೊದಲು ನೋಟ್‌ಬುಕ್ಕಿನಲ್ಲಿ ಬರೆಯಿರಿ’ ಎಂದೆ. ಈ ‘ಮೊದಲು ಬರೆಯಿರಿ’ ಬಹಳ ಮುಖ್ಯ. ಬರೆಯದಿದ್ದರೆ ಮೀಟರ್ ನೋಡಿದ ಮೇಲೆ ಎಲ್ಲರೂ ‘ನಾನೂ ಅದನ್ನೇ ಅಂದುಕೊಂಡಿದ್ದೆ’ ಎನ್ನುತ್ತಾರೆ. ಬಹುಪಾಲು ಮಕ್ಕಳು ಬರೆದದ್ದು 3 ವೋಲ್ಟ್ ಅಥವಾ ಇನ್ನೂ ಕಡಿಮೆ. ‘ರೋಧ ಜಾಸ್ತಿ ಆಯಿತು, ಆದ್ದರಿಂದ ವೋಲ್ಟೇಜ್ ಇನ್ನೂ ಇಳಿಯುತ್ತದೆ’ ಎಂಬ ತರ್ಕ. ಮೀಟರ್ ತೋರಿಸಿದ್ದು 11.98. ಹಿಂದಿನ ಬೆಂಚಿನಿಂದ ಬಂದ ಮೊದಲ ಪ್ರತಿಕ್ರಿಯೆ “ಮೀಟರ್ ಕೆಟ್ಟಿದೆ ಮಿಸ್.”

ಮೀಟರ್ ಕೆಟ್ಟಿಲ್ಲವೆಂದು ಓಮ್‌ನ ನಿಯಮವೇ ಹೇಳಬೇಕು. ಒಟ್ಟು ರೋಧ 10,01,000 ಓಮ್. ಪ್ರವಾಹ ಸುಮಾರು 12 ಮೈಕ್ರೋಆಂಪಿಯರ್. ಆ ಪ್ರವಾಹ 1000 ಓಮ್ ರೋಧಕದಲ್ಲಿ ಹರಿದಾಗ ಇಳಿಯುವ ವಿಭವ 0.012 ವೋಲ್ಟ್, ಅಂದರೆ ಏನೂ ಇಲ್ಲ. ಉಳಿದದ್ದೆಲ್ಲ ರಿಮೋಟಿನ ಮೇಲೆ. ಬೈಕಿನಲ್ಲಾದರೆ 14 ವೋಲ್ಟಿಗೆ ಹತ್ತಿರ. ಮೂರು ವೋಲ್ಟಿಗೆಂದು ಮಾಡಿದ ಚಿಪ್ ಮಲಗಿದ್ದಲ್ಲೇ ಹಾಳಾಗುತ್ತದೆ, ಗುಂಡಿ ಒತ್ತುವುದೂ ಬೇಕಿಲ್ಲ.

‘ಹಾಗಾದರೆ ರಿಮೋಟಿನ ಗುಂಡಿಯನ್ನು ಖಾಯಂ ಒತ್ತಿ ಕಟ್ಟಿಬಿಟ್ಟರೆ? ಪಾಸ್ ಸ್ವಿಚ್ ಒತ್ತಿದಾಗ ಮಾತ್ರ ಕರೆಂಟ್ ಬರುತ್ತದೆ, ಬಂದಾಗಲೆಲ್ಲ 10 ಮಿಲಿಆಂಪಿಯರ್ ಎಳೆಯುತ್ತದೆ’ ಎಂದು ಇನ್ನೊಬ್ಬಳು ವಾದಿಸಿದಳು. ಒಳ್ಳೆಯ ವಾದ. ಆದರೆ ರಿಮೋಟ್ ಪ್ರಸಾರ ಮಾಡುವ ರೀತಿಯೇ ಬೇರೆ. ಗೇಟಿನ ರಿಮೋಟುಗಳಲ್ಲಿ ಸಾಮಾನ್ಯವಾದ 433.92 ಮೆಗಾಹರ್ಟ್ಸ್ ಅಲೆಯನ್ನು ಅದು ಒಂದು ಕ್ಷಣ ಹೊರಡಿಸಿ, ಒಂದು ಕ್ಷಣ ನಿಲ್ಲಿಸಿ, ಆ ಇರುವಿಕೆ ಇಲ್ಲದಿರುವಿಕೆಗಳಲ್ಲೇ ಸಂಕೇತವನ್ನು ಬರೆಯುತ್ತದೆ. ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಬಾರಿ ಈ ಆನ್-ಆಫ್ ನಡೆಯುತ್ತದೆ. ಅಂದರೆ ಪ್ರಸಾರದ ನಡುವೆಯೂ ಅದು ಒಮ್ಮೆ 330 ಓಮ್, ಇನ್ನೊಮ್ಮೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ರೋಧಕದ ಮೂಲಕ ಉಣಿಸಿದರೆ ಅದರ ಮೇಲಿನ ವಿಭವ ಅಷ್ಟೇ ವೇಗವಾಗಿ ಕುಣಿಯುತ್ತಿರುತ್ತದೆ.

ಮಕ್ಕಳಿಗೆ ಇದು ಲೆಕ್ಕದಿಂದ ಅರ್ಥವಾದದ್ದಕ್ಕಿಂತ ಹೆಚ್ಚಾಗಿ ನೀರಿನ ಉದಾಹರಣೆಯಿಂದ ಅರ್ಥವಾಯಿತು. ಊರಿನ ಓವರ್‌ಹೆಡ್ ಟ್ಯಾಂಕಿನಿಂದ ಸಣ್ಣ ಪೈಪಿನಲ್ಲಿ ಮನೆಗೆ ನೀರು ಬರುತ್ತಿದೆ. ನಲ್ಲಿ ಪೂರ್ತಿ ಬಿಟ್ಟಾಗ ನೀರು ಮೆಲ್ಲಗೆ ಸುರಿಯುತ್ತದೆ, ‘ಪ್ರೆಷರ್ರೇ ಇಲ್ಲ’ ಎನ್ನುತ್ತೇವೆ. ನಲ್ಲಿ ಮುಚ್ಚಿ ಹೆಬ್ಬೆರಳು ಒತ್ತಿಡುವಷ್ಟು ಸಣ್ಣ ತೂತು ಬಿಟ್ಟರೆ ಅದೇ ಪೈಪಿನಿಂದ ನೀರು ಚಿಮ್ಮುತ್ತದೆ. ಪೈಪು ಬದಲಾಗಿಲ್ಲ, ಹರಿವು ಕಡಿಮೆಯಾಗಿದೆ, ಆದ್ದರಿಂದ ಟ್ಯಾಂಕಿನ ಒತ್ತಡವೆಲ್ಲ ತುದಿಗೆ ಬಂದಿದೆ. ರೋಧಕ ಆ ಸಣ್ಣ ಪೈಪು. ಹರಿವು ಎಷ್ಟೇ ಬದಲಾದರೂ ತುದಿಯ ಒತ್ತಡ ಒಂದೇ ಇರಬೇಕಾದರೆ ಪೈಪು ಸಾಲದು, ವಾಲ್ವಿನ ಬಳಿ ಕೂತು ನೋಡಿ ನೋಡಿ ತಿರುವುವ ನೀರುಗಂಟಿ ಬೇಕು. ವಿದ್ಯುತ್ತಿನಲ್ಲಿ ಆ ನೀರುಗಂಟಿಯ ಹೆಸರು ವೋಲ್ಟೇಜ್ ರೆಗ್ಯುಲೇಟರ್. ಮೂರು ಕಾಲಿನ ಸಣ್ಣ ಐಸಿ. ಮೊಬೈಲ್ ಚಾರ್ಜರಿನಲ್ಲಿ, ಬೈಕಿಗೆ ಹಾಕಿಸುವ ಯುಎಸ್‌ಬಿ ಸಾಕೆಟ್ಟಿನಲ್ಲಿ ಅದರ ಬಂಧುಗಳೇ ಇವೆ.

ರಿಮೋಟು 12 ವೋಲ್ಟಿನದಾದರೆ ನೇರ ಸೇರಿಸಬಹುದಲ್ಲ ಎಂಬ ಪ್ರಶ್ನೆಯೂ ಬಂತು. 23ಎ ಎಂಬ ಬೆರಳುಗಾತ್ರದ 12 ವೋಲ್ಟ್ ಬ್ಯಾಟರಿ ಹಾಕುವ ರಿಮೋಟುಗಳಿವೆ. ಅದರ ಕವಚ ಬಿಚ್ಚಿದರೆ ಒಳಗೆ 1.5 ವೋಲ್ಟಿನ ಎಂಟು ಗುಂಡಿ ಕೋಶಗಳು ಒಂದರ ಮೇಲೊಂದು ಕೂತಿರುತ್ತವೆ, ಸರಣಿ ಜೋಡಣೆಗೆ ಇದಕ್ಕಿಂತ ಒಳ್ಳೆಯ ಪಾಠೋಪಕರಣ ಸಿಗದು. ಆದರೆ ಬೈಕು ಕೊಡುವುದು 12 ಅಲ್ಲ, 14 ಎಂದು ಈಗಷ್ಟೇ ನೋಡಿದೆವು. ಜೊತೆಗೆ ಹಾರ್ನ್ ಬಿಟ್ಟಾಗ, ಸೆಲ್ಫ್ ಹೊಡೆದಾಗ ಕ್ಷಣಮಾತ್ರದ ಏರಿಳಿತಗಳೂ ಬರುತ್ತವೆ. ಅಲ್ಲಿಯೂ ನೀರುಗಂಟಿ ಬೇಕು.

ಸಮಸ್ಯೆ ಸೆಲ್ಲಿನದೋ ಗುಂಡಿಯದೋ

ಇಷ್ಟಾದ ಮೇಲೆ ಒಂದು ಹೆಜ್ಜೆ ಹಿಂದಕ್ಕೆ ಹೋಗಿ, ರಿಮೋಟಿಗೆ ಬೈಕಿನಿಂದ ಕರೆಂಟ್ ಬೇಕೇಬೇಕಾ ಎಂದು ಕೇಳಿದೆ. ಇದಕ್ಕೆ ಉತ್ತರ ಅಧ್ಯಾಯದ ಮೊದಲ ಪುಟಗಳಲ್ಲೇ ಇದೆ: ಆವೇಶವೆಂದರೆ ಪ್ರವಾಹ ಗುಣಿಸು ಕಾಲ.

ಸಿಆರ್ 2032 ಎಂಬ ನಾಣ್ಯದಾಕಾರದ ಕೋಶದ ಹೆಸರಿನಲ್ಲೇ ಅದರ ಅಳತೆ ಇದೆ, 20 ಮಿಲಿಮೀಟರ್ ವ್ಯಾಸ, 3.2 ಮಿಲಿಮೀಟರ್ ದಪ್ಪ. ಅದರ ಸಾಮರ್ಥ್ಯ ಸುಮಾರು 220 ಮಿಲಿಆಂಪಿಯರ್-ಗಂಟೆ. ಕೂಲಂಬ್‌ಗೆ ತಂದರೆ 0.22 ಗುಣಿಸು 3600, ಅಂದರೆ 792. ಒಮ್ಮೆ ಒಂದು ಸೆಕೆಂಡ್ ಒತ್ತಿದರೆ ಖರ್ಚಾಗುವುದು 0.01 ಕೂಲಂಬ್. ಭಾಗಿಸಿದರೆ 79,200 ಸಲ. ದಿನಕ್ಕೆ ಹತ್ತು ಸಲ ಒತ್ತಿದರೂ ಇಪ್ಪತ್ತೊಂದು ವರ್ಷಕ್ಕಿಂತ ಹೆಚ್ಚು. ಕೋಶ ತನ್ನಷ್ಟಕ್ಕೇ ಹಳೆಯದಾಗುವುದರಿಂದ ನಿಜದಲ್ಲಿ ಅಷ್ಟು ವರ್ಷ ಬಾರದು. ಆದರೂ ಆ ಪುಟ್ಟ ಕೋಶ ಅಪ್ಪನಿಗೆ ತೊಂದರೆ ಕೊಡುತ್ತಿರಲಿಲ್ಲ. ತೊಂದರೆ ಕೊಡುತ್ತಿದ್ದದ್ದು ಗುಂಡಿ ಜೇಬಿನಲ್ಲಿರುವುದು. ಬೈಕಿನಿಂದ ರಿಮೋಟಿಗೆ ಬೇಕಿರುವುದು ವಿದ್ಯುತ್ತಲ್ಲ, ಒಂದು ಬೆರಳು.

ಹಾಗೆ ನೋಡಿದ ತಕ್ಷಣ ಇಡೀ ಸಮಸ್ಯೆ ಸರಳವಾಗುತ್ತದೆ. ರಿಮೋಟಿನೊಳಗೆ ಅದರದೇ ಕೋಶ ಇರಲಿ. ಗುಂಡಿಯ ಎರಡು ತುದಿಗಳಿಂದ ಎರಡು ಸಣ್ಣ ತಂತಿ ಹೊರಗೆ ತರಬೇಕು. ಆ ತಂತಿಗಳನ್ನು ಮುಟ್ಟಿಸಿದರೆ ಗುಂಡಿ ಒತ್ತಿದಂತೆಯೇ. ಒಂದೇ ಕೆಲಸಕ್ಕೆ ಎರಡು ಸ್ವಿಚ್ಚುಗಳು ಸಮಾಂತರವಾಗಿವೆ, ಯಾವುದು ಮುಚ್ಚಿದರೂ ಮಂಡಲ ಪೂರ್ಣ. ರಿಮೋಟನ್ನು ಕೈಯಲ್ಲಿ ಹಿಡಿದು ಹಳೆಯ ಗುಂಡಿಯನ್ನೂ ಒತ್ತಬಹುದು. ರಿಮೋಟುಗಳ ಒಳಗುಂಡಿಗೆ ಸಾಮಾನ್ಯವಾಗಿ ನಾಲ್ಕು ಕಾಲುಗಳಿದ್ದು ಎರಡೆರಡು ಒಳಗೇ ಸೇರಿಕೊಂಡಿರುತ್ತವೆ. ಕರ್ಣದ ಎರಡು ಕಾಲು ಆರಿಸಿದರೆ ತಪ್ಪುವುದಿಲ್ಲ. ಮಕ್ಕಳು ಇದನ್ನು ಮಲ್ಟಿಮೀಟರಿನ ‘ಬೀಪ್’ ಹಿಡಿದು ತಾವೇ ಕಂಡುಕೊಳ್ಳಬಲ್ಲರು.

ಇನ್ನು ಬೇಕಿರುವುದು ಬೈಕಿನ 12 ವೋಲ್ಟಿನ ಆಜ್ಞೆಗೆ ಆ ಎರಡು ತಂತಿಗಳನ್ನು ಮುಟ್ಟಿಸುವ ಬೆರಳು. ಅದೇ ರಿಲೇ. ಪಠ್ಯದ ‘ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳು’ ಅಧ್ಯಾಯದಲ್ಲಿ ವಿದ್ಯುತ್ಕಾಂತವಿದೆ. ರಿಲೇ ಎಂದರೆ ಕಬ್ಬಿಣದ ಸಣ್ಣ ಪಟ್ಟಿಯೊಂದನ್ನು ಎಳೆದು ಸ್ವಿಚ್ ಮುಚ್ಚಿಸುವ ವಿದ್ಯುತ್ಕಾಂತ. ಇದನ್ನು ವಿವರಿಸಲು ನಮ್ಮ ಜಿಲ್ಲೆಯ ಮಕ್ಕಳಿಗೆ ಚಿತ್ರ ಬೇಡ. ಬೋರ್‌ವೆಲ್ ಇರುವ ಪ್ರತಿ ಹೊಲದ ಮೂಲೆಯ ಪೆಟ್ಟಿಗೆಯಲ್ಲಿ ಸ್ಟಾರ್ಟರ್ ಇದೆ, ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲೂ ಮೋಟಾರುಗಳಿಗೆ ಸ್ಟಾರ್ಟರ್ ಇದೆ. ಹಸಿರು ಗುಂಡಿ ಒತ್ತಿದಾಗ ‘ಟಕ್’ ಎಂದು ಕಚ್ಚಿಕೊಳ್ಳುತ್ತದಲ್ಲ, ಅದು ಕಾಯಿಲ್ ಪಟ್ಟಿಯನ್ನು ಎಳೆದ ಸದ್ದು. ಕರೆಂಟ್ ಹೋದರೆ ಬಿಟ್ಟುಕೊಳ್ಳುತ್ತದೆ. ಗೋಲಿಯಷ್ಟು ಬೆರಳ ಬಲದಿಂದ ಐದು ಹಾರ್ಸ್‌ಪವರಿನ ಮೋಟಾರ್ ಚಾಲೂ ಆಗುವ ಗುಟ್ಟು ಅದು. ಸಕ್ಕರೆ ಅಚ್ಚಿನ ಗಾತ್ರದ ರಿಲೇ ಅದರ ಮರಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎರಡು ಕಾಫಿಯ ಬೆಲೆಗೆ ಸಿಗುತ್ತದೆ. 12 ವೋಲ್ಟಿನ ಇಂಥ ರಿಲೇಯ ಸುರುಳಿಯ ರೋಧ ಸುಮಾರು 400 ಓಮ್. ಪ್ರವಾಹ 30 ಮಿಲಿಆಂಪಿಯರ್, ಸಾಮರ್ಥ್ಯ 0.36 ವ್ಯಾಟ್. ಪಕ್ಕದಲ್ಲೇ ಉರಿಯುವ 35 ವ್ಯಾಟಿನ ಹೆಡ್‌ಲೈಟ್ ಎಳೆಯುವ 2.9 ಆಂಪಿಯರಿಗೆ ಹೋಲಿಸಿದರೆ ಇದು ಲೆಕ್ಕಕ್ಕಿಲ್ಲ.

ರಿಲೇಯ ದೊಡ್ಡ ಗುಣ ಬೇರೆ ಇದೆ. ಬೈಕಿನ ಮಂಡಲಕ್ಕೂ ರಿಮೋಟಿನ ಮಂಡಲಕ್ಕೂ ನಡುವೆ ಒಂದು ತಂತಿಯೂ ಸಾಮಾನ್ಯವಿಲ್ಲ. ಕಾಂತಕ್ಷೇತ್ರ ಮಾತ್ರ ದಾಟುತ್ತದೆ. ಬೈಕಿನಲ್ಲಿ 12 ಇರಲಿ 14 ಇರಲಿ, ರಿಮೋಟಿಗೆ ಅದು ತಿಳಿಯುವುದೇ ಇಲ್ಲ. ರೆಗ್ಯುಲೇಟರಿಗಿಂತ ರಿಲೇಯನ್ನು ನಾನು ಮೇಲೆಂದು ಭಾವಿಸುವುದು ಇದಕ್ಕೇ. ಮಾಲೀಕರ ರಿಮೋಟಿಗೆ ಅಪಾಯ ಕಡಿಮೆ, ಪಾಠಕ್ಕೂ ಎರಡು ಅಧ್ಯಾಯಗಳ ಕೊಂಡಿ.

ಒಂದು ಡಯೋಡ್ ಮರೆಯಬಾರದು. ಸುರುಳಿಯ ಪ್ರವಾಹವನ್ನು ಹಠಾತ್ತನೆ ಕಡಿದರೆ ಕುಸಿಯುವ ಕಾಂತಕ್ಷೇತ್ರ ಆ ಸುರುಳಿಯಲ್ಲೇ ನೂರಾರು ವೋಲ್ಟಿನ ಕ್ಷಣಿಕ ಹೊಡೆತವನ್ನು ಪ್ರೇರಿಸುತ್ತದೆ. ಈಗಿನ ಬೈಕುಗಳ ಇಲೆಕ್ಟ್ರಾನಿಕ್ಸಿಗೆ ಅದು ಒಳ್ಳೆಯದಲ್ಲ. ಸುರುಳಿಯ ಎರಡು ತುದಿಗಳಿಗೆ ಅಡ್ಡಲಾಗಿ 1ಎನ್4007 ಡಯೋಡನ್ನು, ಬೆಳ್ಳಿ ಗೆರೆ ಧನ ತುದಿಯ ಕಡೆಗೆ ಬರುವಂತೆ ಹಾಕಿದರೆ ಆ ಹೊಡೆತ ಅಲ್ಲಲ್ಲೇ ಸುತ್ತಿ ತಣ್ಣಗಾಗುತ್ತದೆ.

ಹೆದ್ದಾರಿಯಲ್ಲಿ ಲೈಟ್ ಮಿಣುಕಿಸಿದರೆ

ಪಾಸ್ ಸ್ವಿಚ್ಚಿನ ಜಾಣತನದಲ್ಲಿ ಒಂದು ಕೊಂಕಿದೆ. ಹೈ ಬೀಮಿನ ತಂತಿಗೆ ರಿಲೇ ಸೇರಿಸಿದರೆ ಪಾಸ್ ಗುಂಡಿ ಒತ್ತಿದಾಗ ಮಾತ್ರವಲ್ಲ, ರಾತ್ರಿ ಹೈ ಬೀಮ್ ಹಾಕಿಕೊಂಡು ಹೋಗುವಾಗಲೂ ರಿಲೇ ಕಚ್ಚಿಕೊಂಡೇ ಇರುತ್ತದೆ. ರಿಮೋಟ್ ಒಂದೇ ಸಮನೆ ಕೂಗುತ್ತಿರುತ್ತದೆ. 220 ಮಿಲಿಆಂಪಿಯರ್-ಗಂಟೆಯನ್ನು 10ರಿಂದ ಭಾಗಿಸಿದರೆ 22 ಗಂಟೆ. ರಾತ್ರಿಗೆ ಒಂದು ಗಂಟೆ ಓಡಿಸಿದರೆ ಮೂರು ವಾರಕ್ಕೆ ಕೋಶ ಖಾಲಿ. ಇಪ್ಪತ್ತೊಂದು ವರ್ಷ ಮೂರು ವಾರವಾಗುವುದನ್ನು ನೋಡಿ ಮಕ್ಕಳು ನಕ್ಕರು.

ಇನ್ನೊಂದು ಕೊಂಕು ಹೆಚ್ಚು ಸೂಕ್ಷ್ಮವಾದದ್ದು. ಅಗ್ಗದ ರಿಮೋಟುಗಳು ಪ್ರತಿ ಸಲವೂ ಒಂದೇ ಸಂಖ್ಯೆಯನ್ನು ಕಳಿಸುತ್ತವೆ. ಅದನ್ನು ಯಾರಾದರೂ ಒಮ್ಮೆ ಹಿಡಿದುಕೊಂಡರೆ ಸಾಕು, ನಕಲಿ ಬೀಗದ ಕೈ ಮಾಡಿದಂತೆ. ಒಳ್ಳೆಯ ರಿಮೋಟುಗಳು ಪ್ರತಿ ಒತ್ತಿಗೂ ಬೇರೆ ಸಂಖ್ಯೆ ಕಳಿಸುತ್ತವೆ. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ 1995ರಲ್ಲಿ ಅಮೆರಿಕದ ಮೈಕ್ರೋಚಿಪ್ ಕಂಪನಿಯ ಪಾಲಾದ ಕೀಲಾಕ್ ಎಂಬ ವಿಧಾನ ಇದರಲ್ಲಿ ಬಹಳ ಬಳಕೆಯಲ್ಲಿದೆ. ರಿಮೋಟಿನ ಹತ್ತಿರವೂ ಗೇಟಿನ ಹತ್ತಿರವೂ ಒಂದೇ ಗುಟ್ಟಿನ ಪುಸ್ತಕ ಇದೆ ಎಂದುಕೊಳ್ಳಿ. ಪ್ರತಿ ಒತ್ತಿಗೆ ರಿಮೋಟ್ ಒಂದು ಪುಟ ತಿರುವಿ ಆ ಪುಟದ ಸಂಖ್ಯೆ ಹೇಳುತ್ತದೆ, ಗೇಟು ತನ್ನ ಪುಸ್ತಕದಲ್ಲಿ ಹೊಂದಿಸಿ ನೋಡುತ್ತದೆ. ಗೇಟಿನಿಂದ ದೂರದಲ್ಲಿ ಒತ್ತಿದರೆ ರಿಮೋಟಿನ ಪುಟ ಮಾತ್ರ ಮುಂದೆ ಹೋಗುತ್ತದೆ. ಅದಕ್ಕೆಂದೇ ಈ ವಿಧಾನದಲ್ಲಿ ಗೇಟು ಸಾಮಾನ್ಯವಾಗಿ ಮುಂದಿನ 16 ಪುಟಗಳವರೆಗೆ ಹುಡುಕಿ ಒಪ್ಪಿಕೊಳ್ಳುತ್ತದೆ. ಅದಕ್ಕೂ ಮುಂದೆ ಹೋಗಿದ್ದರೆ ಒಂದರ ಹಿಂದೊಂದು ಎರಡು ಸರಿಯಾದ ಸಂಖ್ಯೆ ಕೇಳಿದ ಮೇಲೆಯೇ ಬಾಗಿಲು ತೆಗೆಯುತ್ತದೆ.

ಈಗ ರಾಷ್ಟ್ರೀಯ ಹೆದ್ದಾರಿ 648ರಲ್ಲಿ ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಬರುವ ಬೈಕನ್ನು ಯೋಚಿಸಿ. ಲಾರಿಗಳಿಗೆ ಇಪ್ಪತ್ತು ಸಲ ಲೈಟ್ ಮಿಣುಕಿಸಿ ಗೇಟಿಗೆ ಬಂದು ಒಮ್ಮೆ ಒತ್ತಿದರೆ ಗೇಟು ಅಲ್ಲಾಡುವುದಿಲ್ಲ. ಎರಡನೇ ಸಲಕ್ಕೆ ತೆರೆಯುತ್ತದೆ. ಕಾರಣ ಗೊತ್ತಿಲ್ಲದವರು ವೈರಿಂಗ್ ಸಡಿಲವಾಗಿದೆಯೆಂದು ಬಿಚ್ಚಿ ಕೂರುತ್ತಾರೆ.

ಹಾಗಾಗಿ ಪಾಸ್ ಸ್ವಿಚ್ ಬಿಟ್ಟು ಹ್ಯಾಂಡಲಿಗೆ ಬೇರೆಯೇ ಒಂದು ಪುಟ್ಟ ಒತ್ತುಗುಂಡಿ ಹಾಕುವುದೇ ಸರಿ ಎಂಬ ತೀರ್ಮಾನಕ್ಕೆ ತರಗತಿ ಬಂತು. ಆದರೆ ಅದಕ್ಕೆ ವಿದ್ಯುತ್ತು ಎಲ್ಲಿಂದ? ಬ್ಯಾಟರಿಯಿಂದ ನೇರ ಎಂದವರೇ ಹೆಚ್ಚು. ‘ಬೈಕ್ ಸಂತೆಯ ಹತ್ತಿರ ನಿಂತಿದೆ, ಕೀ ಅಪ್ಪನ ಜೇಬಿನಲ್ಲಿದೆ. ರಾತ್ರಿ ಅದೇ ಬೈಕ್ ಗೇಟಿನ ಹೊರಗೆ ನಿಂತಿದೆ. ಗುಂಡಿ ಯಾರು ಬೇಕಾದರೂ ಒತ್ತಬಹುದು’ ಎಂದಾಗ ಅವರೇ ತಿದ್ದಿಕೊಂಡರು. ಕೀ ತಿರುಗಿಸಿದ ಮೇಲೆ ಮಾತ್ರ ವಿಭವ ಬರುವ ತಂತಿಯಿಂದಲೇ ತೆಗೆಯಬೇಕು. ಕೀ ಮತ್ತು ಗುಂಡಿ ಸರಣಿಯಲ್ಲಿ, ಎರಡೂ ಮುಚ್ಚಿದರೆ ಮಾತ್ರ ಗೇಟು.

ಫ್ಯೂಸಿನ ಬಗ್ಗೆ ಎರಡು ಮಾತು. ಬೈಕಿನ ಮುಖ್ಯ ಫ್ಯೂಸ್ 10, 15 ಅಥವಾ 20 ಆಂಪಿಯರಿನದು. ಅದು ಬೈಕಿನ ದಪ್ಪ ತಂತಿಗಳ ರಕ್ಷಣೆಗೆ ಇರುವುದು. ನಾವು ಸೇರಿಸುವ ಕೂದಲೆಳೆಯಂಥ ತಂತಿ ಎಲ್ಲಾದರೂ ಚಾಸಿಗೆ ಉಜ್ಜಿ ಶಾರ್ಟ್ ಆದರೆ ಮುಖ್ಯ ಫ್ಯೂಸ್ ಹಾರುವ ಮೊದಲೇ ಆ ತಂತಿ ಕೆಂಪಗಾಗಬಹುದು, ಅದರ ಪಕ್ಕದಲ್ಲಿ ಪೆಟ್ರೋಲ್ ಟ್ಯಾಂಕಿದೆ. ಉಷ್ಣ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿದೆ ಎಂಬ ವಾಕ್ಯದ ಅರ್ಥ ಇದೇ. ಹೊಸ ತಂತಿಗೆ ಅದು ಶುರುವಾಗುವ ಜಾಗದಲ್ಲೇ 1 ಆಂಪಿಯರಿನ ಬೇರೆ ಫ್ಯೂಸ್ ಇರಬೇಕು. ರಿಮೋಟನ್ನು ಲೋಹದ ಪೆಟ್ಟಿಗೆಯೊಳಗೆ, ಟ್ಯಾಂಕಿನಡಿ ಇಡಬಾರದು, ಅಲೆ ಹೊರಗೆ ಬಾರದು. ಪ್ಲಾಸ್ಟಿಕ್ ಮುಚ್ಚಳದ ಒಳಗೆ, ನೀರು ತಾಕದಂತೆ.

ಶಾಲೆಯಲ್ಲಿ ಏನು ಮಾಡಬಹುದು, ಏನು ಮಾಡಬಾರದು ಎಂಬ ಗೆರೆಯೂ ಸ್ಪಷ್ಟವಿರಲಿ. ಮಕ್ಕಳ ಕೈಗೆ ಅಡಾಪ್ಟರ್ ಕೊಡಬಹುದು, ಬೈಕಿನ ಬ್ಯಾಟರಿ ಬೇಡ. ಶಾರ್ಟ್ ಆದರೆ ಅದು ನೂರು ಆಂಪಿಯರಿಗೂ ಮೀರಿ ಸುರಿಯಬಲ್ಲದು, ಸ್ಪ್ಯಾನರನ್ನೇ ಕಾಯಿಸಬಲ್ಲದು. ನಾಣ್ಯದಾಕಾರದ ಕೋಶಗಳನ್ನು ಎಣಿಸಿ ಕೊಟ್ಟು ಎಣಿಸಿ ವಾಪಸ್ ಪಡೆಯಬೇಕು. ಮನೆಗೆ ಹೋಗಿ ಚಿಕ್ಕ ತಮ್ಮ ತಂಗಿಯರ ಬಾಯಿಗೆ ಹೋದರೆ ಗಂಟಲಲ್ಲಿ ಸಿಕ್ಕಿ ಕೆಲವೇ ಗಂಟೆಗಳಲ್ಲಿ ಸುಡುತ್ತದೆ, ಪ್ರಾಣಕ್ಕೇ ಅಪಾಯ. ನಿಜವಾದ ಬೈಕಿಗೆ ಕೈ ಹಾಕುವುದು ಆಟೋ ಇಲೆಕ್ಟ್ರಿಷಿಯನ್ ಕೆಲಸ. ನಮ್ಮ ಹುಡುಗನಿಗೆ ಹೇಳಿದ್ದು ಇಷ್ಟೇ: ಮಂಡಲದ ಚಿತ್ರ ನೀನು ಬರೆದುಕೊಂಡು ಹೋಗು, ಮಾಲೀಕರ ಒಪ್ಪಿಗೆ ಅಪ್ಪ ಕೇಳಲಿ, ಜೋಡಣೆ ಅವರು ಮಾಡಲಿ.

ಇದಕ್ಕೆ ಎರಡು ಅವಧಿಗಳು ಹಿಡಿದವು. ಮೊದಲನೆಯದರಲ್ಲಿ ರೋಧಕದ ಪ್ರಯೋಗ ಮತ್ತು ಕೂಲಂಬ್ ಲೆಕ್ಕ, ಎರಡನೆಯದರಲ್ಲಿ ರಿಲೇ. ರಿಲೇಗೆ ರಿಮೋಟಿನ ಬದಲು ಎರಡು ಪೆನ್‌ಸೆಲ್ಲು ಮತ್ತು ಒಂದು ಎಲ್‌ಇಡಿ ಸಾಕು. ಮಾರ್ಗದರ್ಶಿ ಶಿಕ್ಷಕರು ಒಂದು ಸಲಹೆ ಕೊಟ್ಟರು: ರಿಲೇಯ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ ಇಟ್ಟರೆ ಪಟ್ಟಿ ಚಲಿಸುವುದು ಕಣ್ಣಿಗೆ ಕಾಣುತ್ತದೆ. ಹಾಗೆ ಮಾಡಿದ ಮೇಲೆ ವಿವರಣೆಯ ಅರ್ಧ ಮಾತುಗಳು ಬೇಕಾಗಲಿಲ್ಲ.

ಮೌಲ್ಯಮಾಪನಕ್ಕೆ ಬೈಕನ್ನು ಬಿಟ್ಟು ಹೊಲದ ಪ್ರಶ್ನೆ ಕೊಟ್ಟೆ. ಬೋರ್‌ವೆಲ್ಲಿಗೆ ಈಗ ಮೊಬೈಲ್ ಸ್ಟಾರ್ಟರ್ ಹಾಕಿಸುತ್ತಾರೆ, ಮನೆಯಿಂದ ಕರೆ ಮಾಡಿದರೆ ಮೋಟಾರ್ ಓಡುತ್ತದೆ, ಇನ್ನೊಮ್ಮೆ ಮಾಡಿದರೆ ನಿಲ್ಲುತ್ತದೆ. ಅದರೊಳಗಿನ ಸಿಮ್ ಬೋರ್ಡ್ ಕೆಲವೇ ವೋಲ್ಟಿನಲ್ಲಿ ಕೆಲಸ ಮಾಡುವಂಥದ್ದು, ಸ್ಟಾರ್ಟರಿನ ಕಾಯಿಲ್ 415 ವೋಲ್ಟಿನದು. ಹಾಗಾದರೆ ಸಿಮ್ ಬೋರ್ಡು ಹಸಿರು ಗುಂಡಿಯನ್ನು ಒತ್ತುವುದು ಹೇಗೆ, ಕೆಂಪು ಗುಂಡಿಯನ್ನು ಒತ್ತುವುದು ಹೇಗೆ? ಹಸಿರಿಗೆ ಸಮಾಂತರವಾಗಿ ರಿಲೇ ಎಂದು ಸುಮಾರು ಎಲ್ಲರೂ ಬರೆದರು, ಕೆಂಪಿಗೂ ಸಮಾಂತರ ಎಂದೇ ಬಹಳ ಜನ ಬರೆದರು. ಮಗ್ಗದ ಮನೆಯ ಹುಡುಗಿಯೊಬ್ಬಳು ಮಾತ್ರ ಹೀಗೆ ಬರೆದಿದ್ದಳು: “ಕೆಂಪು ಗುಂಡಿ ಒತ್ತಿದರೆ ದಾರಿ ಮುಚ್ಚುವುದಿಲ್ಲ, ಕಡಿಯುತ್ತದೆ. ಆದ್ದರಿಂದ ಆ ರಿಲೇ ಕೆಂಪು ಗುಂಡಿಗೆ ಸರಣಿಯಲ್ಲಿರಬೇಕು, ಸುಮ್ಮನಿದ್ದಾಗ ಮುಚ್ಚಿರಬೇಕು, ಎಳೆದಾಗ ಬಿಡಿಸಿಕೊಳ್ಳಬೇಕು.”